ನಾಯಿಗೆ ನೆನಪಿದ್ದ ಶುಕ್ರವಾರಗಳು

ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾದದ್ದು ಮರೆಯುವುದರಿಂದ ಅಲ್ಲ, ನಡೆಯದೇ ಇದ್ದದ್ದನ್ನು ನೆನಪಿಟ್ಟುಕೊಳ್ಳುವುದರಿಂದ. ಒಂದು ಬೆಳಿಗ್ಗೆ ಅವರು, ನಿನ್ನೆ ಬ್ಯಾಂಕಿಗೆ ಹೋಗಿದ್ದೆ, ಮ್ಯಾನೇಜರು ಎದ್ದು ನಿಂತು ಕುರ್ಚಿ ಕೊಟ್ಟರು, ಬರುವಾಗ ಕೊಡೆ ಅಲ್ಲೇ ಬಿಟ್ಟುಬಂದೆ ಎಂದು ವಿವರವಾಗಿ ಹೇಳಿದರು. ಹಿಂದಿನ ದಿನವಿಡೀ ಅವರು ಜ್ವರದಲ್ಲಿ ಮಲಗಿದ್ದರು. ಕೊಡೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದನ್ನು ತಂದು ತೋರಿಸಿದಾಗ ಅವರು ನಮ್ಮನ್ನೇ ಕನಿಕರದಿಂದ ನೋಡಿದರು. ಆಗ ಅವರಿಗೆ ಈಗಿನ ನನ್ನ ವಯಸ್ಸು.

ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಬರೀ ನಾಯಿಯ ಕೂದಲು ಕತ್ತರಿಸಿದ ಕತೆಯಾಗಿಬಿಡುತ್ತದೆ. ನನ್ನ ಮಟ್ಟಿಗೆ ಅದು, ನಾನೂ ಅಪ್ಪನ ದಾರಿ ಹಿಡಿದೆನೇ ಎಂಬ ಪ್ರಶ್ನೆ.

ನಾನು ಓದಿದ್ದು ಭೌತಶಾಸ್ತ್ರ. ದೋಹಾದಲ್ಲಿ ನನ್ನ ಕೆಲಸ, ಅನಿಲ ಸೋರಿಕೆಯನ್ನು ಪತ್ತೆಹಚ್ಚುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು. ತಪ್ಪು ತೋರಿಸುವ ಉಪಕರಣಕ್ಕೆ ತಾನು ತಪ್ಪುತ್ತಿದ್ದೇನೆಂದು ಗೊತ್ತಿರುವುದಿಲ್ಲ. ಮುಳ್ಳು ಗಟ್ಟಿಯಾಗಿ, ನೆಟ್ಟಗೆ ನಿಂತಿರುತ್ತದೆ. ಹೊರಗಿನಿಂದ ಇನ್ನೊಂದು ಅಳತೆ ತಂದು ಪಕ್ಕದಲ್ಲಿಟ್ಟಾಗಲೇ ವಿಷಯ ತಿಳಿಯುವುದು. ಈ ಕೆಲಸ ಮಾಡಿ ಮಾಡಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಅಭ್ಯಾಸವಾಗಿದೆ. ಕೂತಲ್ಲಿ ಕೂರಲಾಗದ ಸ್ವಭಾವ ಹುಟ್ಟಿನಿಂದಲೇ ಬಂದದ್ದು.

ನಾಯಿ ನಮಗೆ ಬಂದದ್ದು ಪಕ್ಕದ ಮನೆಯಿಂದ. ಐನ್ ಖಾಲಿದ್‌ನಲ್ಲಿ ನಾವಿರುವುದು ಒಂದೇ ದೊಡ್ಡ ವಿಲ್ಲಾವನ್ನು ಗೋಡೆ ಹಾಕಿ ಹಂಚಿದ ಮನೆಗಳಲ್ಲೊಂದು. ಗೋಡೆಯಾಚೆ ಇದ್ದ ದಕ್ಷಿಣ ಆಫ್ರಿಕಾದ ದಂಪತಿ ಕೆಲಸ ಮುಗಿದು ಊರಿಗೆ ಹೊರಟಾಗ, ಸೋಫಾವನ್ನು ಒಬ್ಬರಿಗೆ, ವಾಷಿಂಗ್ ಮೆಷಿನನ್ನು ಇನ್ನೊಬ್ಬರಿಗೆ, ನಾಯಿಯನ್ನು ನಮಗೆ ಕೊಟ್ಟರು. ಬಿಳಿ ಕೂದಲಿನ, ಕೈಚೀಲದಲ್ಲಿ ಹಿಡಿಸುವಷ್ಟು ಪುಟ್ಟ ಗಂಡು ನಾಯಿ. ಅದಕ್ಕೆ ಹೆದರಿಕೆ ಇಲ್ಲದ ವಸ್ತುವಿಲ್ಲ. ಮಿಕ್ಸಿಗೆ ಹೆದರಿಕೆ, ಲಿಫ್ಟಿಗೆ ಹೆದರಿಕೆ, ಧೂಳುಗಾಳಿಗೆ ಕಿಟಕಿ ಶಿಳ್ಳೆ ಹಾಕಿದರೆ ಮಂಚದ ಅಡಿಗೆ. ಬಾಚಣಿಗೆ ಕಂಡರೆ ಹಲ್ಲು ತೋರಿಸುತ್ತದೆ. ಹಾಗಾಗಿ ಕಳೆದ ವರ್ಷ ಜೂನ್ ಬರುವಷ್ಟರಲ್ಲಿ ಕಂಕುಳಲ್ಲಿ, ಕಿವಿಯ ಹಿಂದೆ ಕೂದಲು ಗಂಟುಗಂಟಾಗಿ ಜಡೆಕಟ್ಟಿತ್ತು.

"ಶನಿವಾರ ಹತ್ತು ಗಂಟೆಗೆ ಟೈಮ್ ತಕೊಂಡಿದ್ದೇನೆ," ಎಂದಳು ಹೆಂಡತಿ. "ಅಲ್ ಮುಂತಜಾದಲ್ಲಿ. ನಮ್ಮ ಸ್ಕೂಲಿನ ಟೀಚರೊಬ್ಬರು ಹೇಳಿದ ಅಂಗಡಿ. ನೀವು ಕರ್ಕೊಂಡು ಹೋಗಿ, ಅಷ್ಟೇ."

"ದುಡ್ಡು ದಂಡ. ಹೋದ ಬೇಸಿಗೆಯಲ್ಲಿ ನಾನೇ ಕತ್ತರಿಸಿದ್ದೆನಲ್ಲ? ಈಗಲೂ ಮಾಡಿದ್ರೆ ಆಯ್ತು."

"ಬೇಡ ಮಾರ್ರೆ. ಮುಂದಿನ ವಾರ ನಾವು ಹೊರಟ ಮೇಲೆ ಎರಡು ತಿಂಗಳು ನೀವೊಬ್ಬರೇ. ಅದು ನಿಮ್ಮನ್ನು ಕಚ್ಚಿದ್ರೆ ಯಾರಿದ್ದಾರೆ ಇಲ್ಲಿ?"

ಇಲ್ಲಿ ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಕೂಡಲೇ ಹೆಂಡತಿ ಮಕ್ಕಳು ಊರಿಗೆ ಹೋಗುವುದು, ಗಂಡಸರು ಉಳಿಯುವುದು ರೂಢಿ. ಫ್ರೀಜರಿನ ತುಂಬ ಸಾರಿನ ಡಬ್ಬಿಗಳು, ಖಾಲಿ ಮನೆ, ಹಗಲೂ ರಾತ್ರಿ ಗುನುಗುವ ಏಸಿ. ಜುಲೈ, ಆಗಸ್ಟಿನಲ್ಲಿ ಇಡೀ ಬೀದಿಯಲ್ಲಿ ಮಕ್ಕಳ ಸ್ವರವೇ ಇರುವುದಿಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ ನಾನೂ ನಾಯಿಯೂ ಇಬ್ಬರೇ ಇದ್ದೆವು. ಆ ದಿನಗಳ ನೆನಪು ನನಗೆ ಸ್ಪಷ್ಟವಾಗಿತ್ತು: ವಾರವಿಡೀ ಆಫೀಸು, ಶುಕ್ರವಾರ ಗೆಳೆಯನ ರೂಮಿನಲ್ಲಿ ಮೀನೂಟ, ಒಂದು ಸಂಜೆ ಬಾಲ್ಕನಿಯಲ್ಲಿ ಪೇಪರು ಹಾಸಿ ನಾಯಿಯ ಕೂದಲು ಕತ್ತರಿಸಿದ್ದು. ಕೂದಲು ಗಾಳಿಗೆ ಹಾರಿ ಕೆಳಗಿನ ಕಾರಿನ ಮೇಲೆ ಬಿದ್ದದ್ದು ಕೂಡ ಕಣ್ಣಿಗೆ ಕಟ್ಟಿದಂತಿತ್ತು.

ಶನಿವಾರ ಕಾರಿನಲ್ಲಿ ನಾಯಿ ಎಂದಿನಂತೆ ನಡುಗುತ್ತಿತ್ತು. ಅಲ್ ಮುಂತಜಾದ ಹಳೇ ಕಟ್ಟಡಗಳ ನಡುವೆ ಪಾರ್ಕಿಂಗ್ ಸಿಗದೆ ಎರಡು ಸುತ್ತು ಹಾಕಿ, ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿದೆ. ಅಂಗಡಿ ಯಾವ ಕಡೆ ಎಂದು ಫೋನಿನಲ್ಲಿ ನಕ್ಷೆ ತೆರೆಯುತ್ತಿದ್ದೆ. ಬಾಗಿಲು ತೆರೆದದ್ದೇ ತಡ, ನಾಯಿ ಕೆಳಗೆ ಹಾರಿ ಎಳೆಯತೊಡಗಿತು. ಎಂದೂ ಮುಂದೆ ನಡೆಯದ ನಾಯಿ. ಬೀದಿಯಲ್ಲಿ ಅದು ನನ್ನ ಕಾಲ ಹಿಂದೆಯೇ ಅಂಟಿಕೊಂಡು ಬರುವಂಥದ್ದು. ಈಗ ಹಗ್ಗ ಬಿಗಿದು, ಬಾಲ ನೆಟ್ಟಗೆ ಮಾಡಿ, ಟೈಲರ್ ಅಂಗಡಿ ದಾಟಿ, ಬೀಗದ ಕೈ ಮಾಡುವವನನ್ನು ದಾಟಿ, ಕಟ್ಟಡದ ಪಕ್ಕದ ಸಣ್ಣ ಓಣಿಗೆ ತಿರುಗಿ, ಒಂದು ಗಾಜಿನ ಬಾಗಿಲ ಮುಂದೆ ಕೂತಿತು. ನಕ್ಷೆಯ ಪ್ರಕಾರ ಅದೇ ಅಂಗಡಿ, ಆದರೆ ಮುಖ್ಯ ಬಾಗಿಲು ಆಚೆ ರಸ್ತೆಯ ಕಡೆಗಿತ್ತು. ಇದು ಹಿಂಬಾಗಿಲು. ಬೋರ್ಡೂ ಇರಲಿಲ್ಲ.

ಶ್ಯಾಂಪೂವಿನ ವಾಸನೆ ಹಿಡಿದು ಬಂದಿರಬೇಕು ಎಂದುಕೊಂಡೆ. ಅಷ್ಟರಲ್ಲೇ ಗಮನಿಸಿದೆ, ಅದರ ನಡುಕ ನಿಂತಿತ್ತು.

ಬಾಗಿಲು ತೆರೆದವಳು ಫಿಲಿಪ್ಪೀನ್ಸಿನ ಹೆಂಗಸು. ಗಿಡ್ಡ, ನಲವತ್ತರ ಆಸುಪಾಸು, ನೀಲಿ ರಬ್ಬರ್ ಏಪ್ರನ್. ಒಡತಿಯೂ ಅವಳೇ, ಕೆಲಸದವಳೂ ಅವಳೇ. ನನ್ನನ್ನು ನೋಡಿ, "ಓ ಸರ್! ಎಷ್ಟು ಕಾಲ ಆಯ್ತು!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ನಾಯಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. "ನನ್ನ ಹುಡುಗಿ, ನನ್ನ ಹುಡುಗಿ. ಯಾರಮ್ಮಾ ನಿನ್ನನ್ನು ಇಷ್ಟು ಕೊಳಕು ಮಾಡಿದ್ದು?"

"ಅದು ಗಂಡು," ಎಂದೆ.

"ನನಗೆ ಎಲ್ಲರೂ ಹುಡುಗಿಯರೇ ಸರ್."

"ನಾನು ಇಲ್ಲಿಗೆ ಬರುತ್ತಿರುವುದು ಇದೇ ಮೊದಲು."

ಅವಳು ನಕ್ಕಳು. ಹಳೇ ಗಿರಾಕಿಯ ಹಳೇ ತಮಾಷೆಗೆ ನಗುವಂಥ ನಗು. "ಯಲ್ಲಾ ಸರ್, ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಒಳಗೆ ನಡೆದಳು.

ಗಂಡೋ ಹೆಣ್ಣೋ ತಿಳಿಯದವಳಿಗೆ ನನ್ನ ಗುರುತು ಹೇಗೆ ಹತ್ತಬೇಕು? ಕನ್ನಡಕ ಹಾಕಿದ, ನೆತ್ತಿ ಬೋಳಾದ ಭಾರತೀಯ ಗಂಡಸರು ಈ ಊರಲ್ಲಿ ಗಲ್ಲಿಗೆ ಹತ್ತು ಜನ ಸಿಗುತ್ತಾರೆ. ಬಿಳಿ ನಾಯಿಗಳಿಗೂ ಬರವಿಲ್ಲ. ಒಳಕೋಣೆಯ ಅರೆತೆರೆದ ಗಾಜಿನ ಬಾಗಿಲ ಈಚೆ ನಿಂತು ನೋಡತೊಡಗಿದೆ. ಒಳಗೆ ಸ್ಟೀಲಿನ ತೊಟ್ಟಿ ಇತ್ತು, ಎತ್ತರದ ಮೇಜಿತ್ತು, ನಾಯಿಯ ಕತ್ತು ಹಿಡಿದು ನಿಲ್ಲಿಸುವ ಪಟ್ಟಿಯೂ ಇತ್ತು. ಅವಳು ಯಾವುದನ್ನೂ ಮುಟ್ಟಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಪ್ಲಾಸ್ಟಿಕ್ ಮಣೆಯನ್ನು ನೆಲಕ್ಕೆ ಹಾಕಿ ಕೂತಳು. ಎರಡೂ ಕಾಲನ್ನು ಮುಂದಕ್ಕೆ ಚಾಚಿ ಜೋಡಿಸಿದಳು. ನಾಯಿ ತಾನಾಗಿಯೇ ಹತ್ತಿ, ತಲೆ ಅವಳ ಪಾದಗಳ ಕಡೆಗಿಟ್ಟು, ಮೊಣಕಾಲ ಕೆಳಗಿನ ಆ ಸಂದಿನಲ್ಲಿ ಉದ್ದಕ್ಕೆ ಮಲಗಿತು.

ನಾನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ.

ಇದು ನಾಯಿ ಮೀಯಿಸುವ ರೀತಿಯಲ್ಲ. ನಮ್ಮ ಕಡೆ ಬಾಣಂತಿ ಮನೆಯಲ್ಲಿ ಎಳೇ ಮಗುವನ್ನು ಮೀಯಿಸುವ ರೀತಿ. ನನ್ನ ತಂಗಿ ಹುಟ್ಟಿದಾಗ ಬಚ್ಚಲಿನ ಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದೆ. ಆ ಹೆಂಗಸು ಬಿಸಿನೀರನ್ನು ಮೊದಲು ತನ್ನ ಮೊಣಕೈಗೆ ಸುರಿದು ನೋಡಿದಳು, ಅಂಗೈಯನ್ನು ನಾಯಿಯ ಹಣೆಗೆ ಅಡ್ಡ ಹಿಡಿದು ಕಣ್ಣಿಗೆ ನೀರು ಹೋಗದಂತೆ ಹುಯ್ದಳು, ಬೆನ್ನನ್ನು ಮೇಲಿನಿಂದ ಕೆಳಕ್ಕೆ ನೀವಿದಳು. ನಾಯಿ ಕಣ್ಣು ಮುಚ್ಚಿತ್ತು. ಕೊನೆಗೆ ಬೊಗಸೆಯಲ್ಲಿ ಒಂದಿಷ್ಟು ನೀರು ತೆಗೆದು, ಅದರ ತಲೆಯ ಸುತ್ತ ನಿವಾಳಿಸಿ, ಪಕ್ಕಕ್ಕೆ ಚೆಲ್ಲಿದಳು. ಆಮೇಲೆ ಕಿವಿಯ ಹತ್ತಿರ ಬಾಗಿ ಹೇಳಿದಳು, ಕನ್ನಡದಲ್ಲಿ:

"ಆಯ್ತು ಮಗಾ, ಖಲಾಸ್."

ನನ್ನ ಮಗಳಿಗೆ ಸೂಜಿ ಚುಚ್ಚಿಸಿದಾಗ, ಮುಳ್ಳು ತೆಗೆದಾಗ, ಜಡೆಯ ಸಿಕ್ಕು ಬಿಡಿಸಿದಾಗ ನಾನು ಹೇಳುವ ಮಾತು ಅದು. ಆ ಎಳೆತ ಕೂಡ ನನ್ನದೇ.

ಒಳಗೆ ಹೋಗಿ, "ಇದನ್ನು ನಿನಗೆ ಯಾರು ಕಲಿಸಿದ್ದು?" ಎಂದೆ.

"ನೀವೇ ಸರ್."

"ನಾನಾ?"

"ಹೋದ ಬೇಸಿಗೆಯಲ್ಲಿ. ಮೊದಲ ಸಲ ಇವಳು ನನ್ನ ಕೈ ಕಚ್ಚಿದಳಲ್ಲ, ನೋಡಿ ಇಲ್ಲಿ. ಆಗ ನೀವು ಶೂ ಬಿಚ್ಚಿ, ಪ್ಯಾಂಟು ಮಡಚಿ, ನೆಲದಲ್ಲಿ ಕೂತು ತೋರಿಸಿದಿರಿ. ಆಮೇಲೆ ಪ್ರತಿ ಶುಕ್ರವಾರ ಬರ್ತಿದ್ದಿರಿ. ಆಗ ನಿಮಗೆ ಗಡ್ಡ ಇತ್ತು."

ಗಡ್ಡ! ಎದೆ ಸ್ವಲ್ಪ ಹಗುರಾಯಿತು. ನಾನು ಗಡ್ಡ ಬಿಟ್ಟವನೇ ಅಲ್ಲ. ನಮ್ಮ ಕರಾವಳಿಯ ಇನ್ಯಾರೋ ಅಪ್ಪ, ಅದೇ ಮಾತು ಹೇಳುವ ಇನ್ನೊಬ್ಬ ಮನುಷ್ಯ ಅವನು. ಇಲ್ಲಿ ನಮ್ಮವರು ಸಾವಿರಗಟ್ಟಲೆ ಇದ್ದಾರೆ. ಮಾತಿನ ಕೊನೆಗೆ ಖಲಾಸ್ ಸೇರಿಸದವರು ಯಾರು? ಆದರೆ ನಾಯಿ ಇದೇ. ನಾಯಿ ತಾನಾಗಿ ಕಾಲ ಮೇಲೆ ಹತ್ತಿತ್ತು.

"ಒಣಗಿಸಿ ಕತ್ತರಿಸೋದಕ್ಕೆ ಒಂದು ಗಂಟೆ ಬೇಕು ಸರ್," ಎಂದಳು ಅವಳು. "ಕೂರ್ತೀರಾ? ನಿಮ್ಮ ಕುರ್ಚಿ ಅಲ್ಲೇ ಇದೆ."

ಮೂಲೆಯಲ್ಲಿ ಕಂದು ಬಣ್ಣದ ಕುರ್ಚಿಯೊಂದಿತ್ತು. ನಾನು ಕೂರಲಿಲ್ಲ. ಹೊರಗಿನ ಬಿಸಿಲೇ ವಾಸಿ ಎನಿಸಿತು.

ಶುಕ್ರವಾರ ಎಂದು ಅವಳು ಹೇಳಿದ್ದು ನನಗೆ ಹಿಡಿಯಲು ಸಿಕ್ಕ ಹಗ್ಗವಾಯಿತು. ಶುಕ್ರವಾರ ನಾನೆಲ್ಲಿದ್ದೆ ಎಂಬುದಕ್ಕೆ ಸಾಕ್ಷಿ ಇದ್ದಾನೆ. ಜೊತೆಗೆ ಕಾಲೇಜು ಓದಿದವನು, ಅದೇ ಬಡಾವಣೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನ ಸಂಸಾರವೂ ಬೇಸಿಗೆಗೆ ಊರಿಗೆ ಹೋಗುತ್ತದೆ. ಅವನ ರೂಮಿನಲ್ಲೇ ನಮ್ಮ ಶುಕ್ರವಾರದ ಮೀನೂಟ. ನಡೆದೇ ಹೋದೆ.

"ಓಹೋ, ಜೀವಂತ ಇದ್ದೀಯಾ ನೀನು!" ಎಂದ ಗೆಳೆಯ, ಕೌಂಟರಿನ ಹಿಂದಿನಿಂದ. "ಎಂತದಾ ಮಾರಾಯ ಈ ಬಿಸಿಲಿಗೆ? ಕೂತ್ಕೊ, ಕರಕ್ ಚಾ ತರಿಸ್ತೇನೆ."

"ಒಂದು ಕೇಳ್ಲಿಕ್ಕಿತ್ತು. ಹೋದ ಬೇಸಿಗೆಯಲ್ಲಿ ಶುಕ್ರವಾರ ನಾವು ನಿನ್ನ ರೂಮಲ್ಲಿ ಊಟ ಮಾಡ್ತಿದ್ದೆವಲ್ಲ..."

"ನಾವು ಮಾಡ್ತಿದ್ದೆವು. ನೀನೆಲ್ಲಿ ಮಾಡ್ತಿದ್ದಿ?"

"ಹಾಗಂದ್ರೆ?"

"ಶುರುವಿಗೆ ಬಂದಿ ಒಮ್ಮೆ. ಮತ್ತೆ ಮಾಫಿ, ಪತ್ತೆಯೇ ಇಲ್ಲ. ಫೋನ್ ಮಾಡಿದ್ರೆ ಅಲ್ ಖೋರ್ ಸೈಟಲ್ಲಿದ್ದೇನೆ ಅಂತ ಬಿಡ್ತಿದ್ದಿ. ಶುಕ್ರವಾರ ಯಾವ ಕಂಪೆನಿಯವ ನಿನ್ನಂಥ ಮುದುಕನನ್ನು ಸೈಟಿಗೆ ಕರೀತಾನೆ? ಇವನಿಗೆ ಎಲ್ಲೋ ಒಂದು ಸೆಟ್ಟಾಗಿದೆ ಅಂತ ನಾವೆಲ್ಲ ಡಿಸೈಡ್ ಮಾಡಿದ್ದೆವು. ಹೇಳು ಹೇಳು, ಯಾರದು?"

"ತಮಾಷೆ ಬಿಡು. ಬಂಗುಡೆ ಗಸಿ ನೆನಪುಂಟು ನನಗೆ. ನೀನು ಉಪ್ಪು ಜಾಸ್ತಿ ಹಾಕಿದ್ದು, ನಾವು ನೀರು ಸೇರಿಸಿ ತಿಂದದ್ದು."

"ಅದೇ. ಅದು ಒಂದು ವಾರದ್ದು."

"ಪ್ರತಿ ವಾರದ್ದೂ ಉಂಟು ನೆನಪು."

"ಪ್ರತಿ ವಾರ ಉಪ್ಪು ಜಾಸ್ತಿ ಹಾಕ್ಲಿಕ್ಕೆ ನಾನೆಂತ ಅಡುಗೆ ಮಾಡೋದಾ, ಮೀನು ಒಣಗಿಸೋದಾ?" ಅವನು ತನ್ನ ಮಾತಿಗೆ ತಾನೇ ಜೋರಾಗಿ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಎಂತ ಆಯ್ತಾ? ಬಿಳುಚಿಕೊಂಡಿದ್ದಿ."

"ಬಿಸಿಲು," ಎಂದೆ.

ವಾಪಸು ನಡೆಯುವಾಗ ಆ ಶುಕ್ರವಾರಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಪ್ರತಿಯೊಂದರಲ್ಲೂ ಅದೇ ಉಪ್ಪಿನ ಗಸಿ. ಪ್ರತಿಯೊಂದರಲ್ಲೂ ಗೆಳೆಯ ತೊಟ್ಟದ್ದು ಅದೇ ಹಸಿರು ಬನಿಯನ್. ನನ್ನ ತಲೆ ಒಂದೇ ಮಧ್ಯಾಹ್ನವನ್ನು ನಕಲು ಮಾಡಿ, ಖಾಲಿ ಬಿದ್ದಲ್ಲೆಲ್ಲ ಅಂಟಿಸಿತ್ತು. ಅಂಟಿನ ಗುರುತೂ ಕಾಣದಂತೆ. ಬೀದಿಯಲ್ಲಿ ಜನ ನಡೆದಾಡುತ್ತಿದ್ದರು. ಎದುರಿಗೆ ಬಂದ ಒಬ್ಬಿಬ್ಬರು ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ಅದು ಸುಮ್ಮನೆ ಸೌಜನ್ಯವೋ, ಅವರಿಗೂ ನನ್ನ ಪರಿಚಯವಿತ್ತೋ, ನನಗೆ ತಿಳಿಯಲಿಲ್ಲ. ಬೀಗದ ಕೈ ಮಾಡುವವನು ಕೈ ಎತ್ತಿದ. ನಾನೂ ಎತ್ತಿದೆ.

ನಾಯಿ ಸಿದ್ಧವಾಗಿತ್ತು. ಮೈಯೆಲ್ಲ ಸಣ್ಣಗೆ ಕತ್ತರಿಸಿ, ಮುಖ ದುಂಡಗೆ ಮಾಡಿದ್ದಳು. ವರ್ಷದ ಹಿಂದೆ ಹೆಂಡತಿ ಊರಿಂದ ಬಂದಾಗ ನಾಯಿ ಹೇಗಿತ್ತೋ, ಅಂದರೆ ನಾನೇ ಬಾಲ್ಕನಿಯಲ್ಲಿ ಹೇಗೆ ಕತ್ತರಿಸಿದ್ದೆನೆಂದು ತಿಳಿದಿದ್ದೆನೋ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಗೇ ಇತ್ತು.

"ನಾನು ಇಲ್ಲಿ ಬಂದು ಏನು ಮಾಡುತ್ತಿದ್ದೆ?" ಎಂದು ಕೇಳಿದೆ. ತಮಾಷೆಯ ದನಿ ತರಲು ಪ್ರಯತ್ನಿಸಿದೆ.

"ಮಾತಾಡ್ತಿದ್ದಿರಿ. ಇವಳ ಹತ್ತಿರ, ನಿಮ್ಮ ಭಾಷೆಯಲ್ಲಿ. ತುಂಬಾ ಹೊತ್ತು." ಅವಳು ಏಪ್ರನ್ನಿನ ಕೂದಲು ಕೊಡವುತ್ತಿದ್ದಳು. "ಆಮೇಲೆ ಆ ಕುರ್ಚಿಯಲ್ಲಿ ನಿದ್ದೆ. ನಾನು ಊಟಕ್ಕೆ ಹೋಗುವಾಗ ಏಸಿ ಹಾಗೇ ಬಿಟ್ಟು ಹೋಗ್ತಿದ್ದೆ. ಪಾಪ, ಮನೆಯಲ್ಲಿ ಯಾರೂ ಇಲ್ಲ ಅಂದಿದ್ದಿರಲ್ಲ. ಒಂದು ಸಲ ಎದ್ದು, ನಾನು ಇಲ್ಲಿಗೆ ಯಾವಾಗ ಬಂದೆ ಅಂತ ನನ್ನನ್ನೇ ಕೇಳಿದಿರಿ. ನಾನು ನಕ್ಕೆ. ನೀವೂ ನಕ್ಕಿರಿ."

ನಾನು ನಕ್ಕೆನಂತೆ. ಆ ನಗು ಹೇಗಿದ್ದಿರಬಹುದೆಂದು ನನಗೆ ಗೊತ್ತು. ಅಪ್ಪ ಹಾಗೆ ನಗುತ್ತಿದ್ದರು, ಎದುರಿದ್ದವರು ನಕ್ಕ ಮೇಲೆ, ಸ್ವಲ್ಪ ತಡವಾಗಿ.

ಮನೆಗೆ ಬಂದಾಗ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಮಗಳು ನಾಯಿಯನ್ನು ನೋಡಿ, "ಪಪ್ಪಾ, ಸೋ ಕ್ಯೂಟ್!" ಎಂದು ಫೋಟೋ ತೆಗೆದು ತನ್ನ ಕೋಣೆಗೆ ಹೋದಳು. ನಾನು ಹಾಲಿನ ನೆಲದ ಮೇಲೆ ಗೋಡೆಗೊರಗಿ ಕೂತೆ. ಕಾಲು ಚಾಚಿದೆ. ಬೇಕೆಂದೇ ಚಾಚಿದೆನೋ, ದಣಿವಿಗೆ ಚಾಚಿದೆನೋ, ಅದನ್ನೂ ಈಗ ಖಚಿತವಾಗಿ ಹೇಳಲಾರೆ. ನಾಯಿ ಸೋಫಾದ ಅಡಿಯಿಂದ ಬಂತು. ಕಾಲ ಮೇಲೆ ಹತ್ತಿತು. ತಲೆ ನನ್ನ ಪಾದದ ಕಡೆಗಿಟ್ಟು, ನೀರು ಬೀಳಲೆಂದು ಕಾಯುವ ಹಾಗೆ ಕಣ್ಣು ಮುಚ್ಚಿತು.

ಹೆಂಡತಿ ಕೈಯಲ್ಲಿ ಮಡಿಸಿದ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಇದೆಂತದು? ಕೂಸು ಮೀಯಿಸುವ ಹಾಗೆ? ಅದಕ್ಕೆ ಯಾರು ಕಲಿಸಿದ್ದು ಇದು?"

"ನಾನೇ ಅಂತೆ," ಎಂದೆ.

ಎಲ್ಲವನ್ನೂ ಹೇಳಿದೆ. ಹಿಂಬಾಗಿಲು, ಮಣೆ, ಖಲಾಸ್, ಉಪ್ಪಿನ ಗಸಿ, ಕುರ್ಚಿ. ನಾನು ಕೊನೆಗೆ ನನ್ನ ಪರವಾಗಿ ಉಳಿದಿದ್ದ ಒಂದೇ ಒಂದು ಅಂಶವನ್ನು ಮುಂದಿಟ್ಟೆ. "ಆದ್ರೆ ಅವಳು ಹೇಳಿದವನಿಗೆ ಗಡ್ಡ ಇತ್ತಂತೆ. ನಾನು ಯಾವಾಗ ಗಡ್ಡ ಬಿಟ್ಟಿದ್ದೆ?"

ಹೆಂಡತಿ ಸೀರೆಯನ್ನು ಸೋಫಾದ ಮೇಲಿಟ್ಟಳು. ನನ್ನ ಪಕ್ಕ ನೆಲದಲ್ಲೇ ಕೂತಳು.

"ಇತ್ತು," ಎಂದಳು. "ವಿಡಿಯೋ ಕಾಲಲ್ಲಿ ನೋಡಿ ನಾನು ಬೈದಿದ್ದೆ. ಅಮ್ಮನೂ ಕೇಳಿದ್ರು, ಅಳಿಯನಿಗೆ ಹುಷಾರಿಲ್ವಾ ಅಂತ. ನಾವು ಬರುವ ಹಿಂದಿನ ದಿನ ತೆಗೆದಿರಿ. ನಾಯಿಯ ಕೂದಲು ನೋಡಿಯೂ ನನಗೆ ಆಗಲೇ ಸಂಶಯ ಇತ್ತು. ಉಗುರು ಕತ್ತರಿಸುವಾಗ ರಕ್ತ ಬರಿಸಿಕೊಳ್ಳುವವರು ಇಷ್ಟು ಚಂದ ಹೇಗೆ ಕತ್ತರಿಸಿದ್ರು ಅಂತ."

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ದೆ. ಬಾಲ್ಕನಿ, ಪೇಪರು, ಕಾರಿನ ಮೇಲೆ ಕೂದಲು ಹಾರಿದ್ದು, ಎಲ್ಲ ಹೇಳಿದಿರಿ. ಅಷ್ಟೆಲ್ಲ ಹೇಳಿದ ಮೇಲೆ ಯಾರು ನಂಬುವುದಿಲ್ಲ?"

ಒಂಟಿಯಾಗಿದ್ದ ಬೇಸರಕ್ಕೆ ಹಾಗಾಗಿರಬಹುದು, ನಿದ್ದೆಗೆಟ್ಟದ್ದಕ್ಕೆ ಇರಬಹುದು, ಎಂದು ನಾನು ಕಾರಣಗಳನ್ನು ಹೇಳಲು ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು. ಮಾವನನ್ನು ಕೊನೆಯ ಐದು ವರ್ಷ ನೋಡಿಕೊಂಡವಳು ಅವಳು. ಕೊಡೆಯನ್ನು ಬಾಗಿಲ ಹಿಂದಿನಿಂದ ತಂದು ತೋರಿಸಿದ್ದೂ ಅವಳೇ.

"ನಾವು ಹೋಗುವುದಿಲ್ಲ," ಎಂದಳು. "ಟಿಕೆಟ್ ಕ್ಯಾನ್ಸಲ್ ಮಾಡಿ."

"ಮಗಳು ಅಳ್ತಾಳೆ."

"ಅಳಲಿ. ಸೋಮವಾರ ಡಾಕ್ಟರ ಹತ್ತಿರ ಹೋಗುವ. ನಾನೂ ಬರ್ತೇನೆ."

"ನಾನೊಬ್ಬನೇ ಹೋಗಿ ಬರ್ತೇನೆ. ನಿನಗೆ ಸ್ಕೂಲಿದೆ."

ಅವಳು ನನ್ನನ್ನೇ ನೋಡಿದಳು. ತುಟಿಯ ಮೂಲೆಯಲ್ಲಿ ಒಂದು ನಗು ಬಂದು, ನಿಲ್ಲಲೋ ಹೋಗಲೋ ಎಂದು ಅನುಮಾನಿಸಿತು.

"ನೀವೊಬ್ಬರೇ ಹೋದ್ರೆ," ಎಂದಳು, "ಡಾಕ್ಟರು ಎಂತ ಹೇಳಿದ್ರು ಅಂತ ಮನೆಗೆ ಬಂದು ನನಗೆ ಯಾರು ಹೇಳುವುದು?"